ಮೈಹೊಳಪಿನ ಮೋಹ

ಹೊಸ ಕಾರು ಕೊಂಡವರನ್ನು ಕೇಳಿ ನೋಡಿ. ಮೈಲೇಜು ಎಷ್ಟು, ಏರ್‌ಬ್ಯಾಗು ಎಷ್ಟು, ಡಿಕ್ಕಿಯಲ್ಲಿ ಎಷ್ಟು ಸೂಟ್‌ಕೇಸು ಹಿಡಿಯುತ್ತದೆ, ಎಲ್ಲವೂ ನಾಲಗೆಯ ತುದಿಯಲ್ಲಿರುತ್ತದೆ. ಬಣ್ಣದ ಮೇಲಿನ ಹೊಳಪಿನ ಪದರ ಎಷ್ಟು ದಪ್ಪ ಎಂದರೆ ಮಾತ್ರ ಮುಖ ಮುಖ ನೋಡುತ್ತಾರೆ. ಶೋರೂಮಿನ ದೀಪದಡಿ ಅವರನ್ನು ಹಿಡಿದು ನಿಲ್ಲಿಸಿದ್ದು ಆ ಪದರವೇ. ಉಕ್ಕಿನ ತಗಡಿಗೆ ಮೊದಲು ಫಾಸ್ಫೇಟಿನ ಲೇಪ. ಆಮೇಲೆ ಕಾರಿನ ಇಡೀ ಒಡಲನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ ಹಿಡಿಸಿದ ತುಕ್ಕುತಡೆಯ ಪದರ. ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಕಟ್ಟಕಡೆಗೆ ಬಣ್ಣವೇ ಇಲ್ಲದ, ನೀರಿನಂತೆ ತಿಳಿಯಾದ ಕ್ಲಿಯರ್ ಕೋಟ್. ಇಷ್ಟೂ ಸೇರಿದರೆ 100ರಿಂದ 140 ಮೈಕ್ರಾನ್. ಹೊಳೆಯುವ ಹೊಣೆ ಹೊತ್ತ ಕ್ಲಿಯರ್ ಕೋಟ್ ಅದರಲ್ಲಿ ಸುಮಾರು 40ರಿಂದ 50 ಮೈಕ್ರಾನ್. ನಮ್ಮ ಒಂದು ತಲೆಗೂದಲಿನ ದಪ್ಪ 70 ಮೈಕ್ರಾನಿನ ಆಸುಪಾಸು. ಲಕ್ಷಗಟ್ಟಲೆ ಕೊಟ್ಟು ತಂದ ಸೊಬಗು ಒಂದು ಕೂದಲೆಳೆಯಷ್ಟೂ ದಪ್ಪವಿಲ್ಲ.

ಮೇಣವೋ, ಸೆರಾಮಿಕ್ಕೋ, ಮೇಲೊಂದು ಪ್ಲಾಸ್ಟಿಕ್ ಹಾಳೆಯೋ ಎಂಬ ಈಗಿನ ಚರ್ಚೆಯೆಲ್ಲ ಈ 50 ಮೈಕ್ರಾನು ಉಳಿಸಿಕೊಳ್ಳಲಿಕ್ಕೆ. ನಾನು ಯಾರ ಪಕ್ಷ ಎಂಬುದನ್ನು ಮುಚ್ಚಿಡುವುದಿಲ್ಲ. ನಾನು ಮೇಣದ ಪಕ್ಷ. ಬಾಳಿಕೆಯ ಲೆಕ್ಕ ಹಿಡಿದರೆ ಮೂರರಲ್ಲಿ ಕಡೆಯ ಸ್ಥಾನ ಅದರದ್ದೇ. ಬೆಂಗಳೂರಿನ ಬಿಸಿಲು ಮಳೆಗೆ ಎರಡು ತಿಂಗಳು ನಿಂತರೆ ದೊಡ್ಡದು. ಆದರೂ ಅದರ ಪರವಾಗಿ ಹೇಳುವ ಮಾತು ಸಾಕಷ್ಟಿದೆ.

ಮೊದಲು ಎದುರು ಪಕ್ಷದ ವಾದ ಕೇಳೋಣ. ಕಾರು ಬುಕ್ ಮಾಡಿದ ಮರುಗಳಿಗೆಯೇ ನಮ್ಮನ್ನು ಆಕ್ಸೆಸರೀಸ್ ಮೇಜಿನ ಮುಂದೆ ಕೂರಿಸುತ್ತಾರೆ. ಸೀಟ್ ಕವರು, ಮ್ಯಾಟು, ಮಡ್‌ಫ್ಲ್ಯಾಪು ಮುಗಿದ ಮೇಲೆ ಲ್ಯಾಮಿನೇಟ್ ಮಾಡಿದ ಒಂದು ಹಾಳೆ ಹೊರಬರುತ್ತದೆ. ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂದು ಮೂರು ದರ್ಜೆ. "ಟೆಫ್ಲಾನ್ ಕೋಟಿಂಗ್ ಹಾಕಿಸಿಬಿಡಿ ಸಾರ್, ಆಮೇಲೆ ವರ್ಷಗಟ್ಟಲೆ ನೀವು ತಲೆ ಕೆಡಿಸಿಕೊಳ್ಳೋದೇ ಬೇಡ." ಟೆಫ್ಲಾನ್ ಎಂದರೆ ನಾನ್‌ಸ್ಟಿಕ್ ಕಾವಲಿಯ ಮೇಲಿರುವ ಅದೇ ವಸ್ತು. ಅದು ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಾವಲಿಗೆ ಅದನ್ನು ಹಿಡಿಸಬೇಕಾದರೆ ಅಷ್ಟರ ಮೇಲೆಯೇ ಕಾಯಿಸಬೇಕು. ಕಾರಿನ ಕ್ಲಿಯರ್ ಕೋಟನ್ನು ಕಾರ್ಖಾನೆಯ ಒಲೆಯಲ್ಲಿ ಕಾಯಿಸಿ ಗಟ್ಟಿ ಮಾಡುವುದೇ ಸುಮಾರು 140 ಡಿಗ್ರಿಯಲ್ಲಿ. ಹೀಗಿರುವಾಗ ಶೋರೂಮಿನ ಹಿಂಬದಿಯ ಶೆಡ್ಡಿನಲ್ಲಿ ಬಟ್ಟೆಯಿಂದ ಒರೆಸಿ ಟೆಫ್ಲಾನನ್ನು ಹಿಡಿಸುವ ಬಗೆ ಯಾವುದು? ಬಾಟಲಿಯಲ್ಲಿ ಆ ಪುಡಿ ಚೂರು ಇದ್ದರೂ ಇರಬಹುದು. ಮೈಗೆ ಅಂಟಿ ನಿಂತು ನೀರು ಜಾರಿಸುವ ಕೆಲಸ ಮಾಡುವುದು ಅದರ ಜೊತೆಗಿರುವ ಮೇಣ ಮತ್ತು ಪಾಲಿಮರು. ಆ ಕೆಲಸಕ್ಕೆ ಐನೂರೋ ಸಾವಿರವೋ ರೂಪಾಯಿಯ ಡಬ್ಬಿ ಅಂಗಡಿಯಲ್ಲಿ ಸಿಗುತ್ತದೆ.

ಟೆಫ್ಲಾನ್ ಬೇಡ ಎಂದರೆ ಸೆರಾಮಿಕ್ ಬರುತ್ತದೆ. "9ಎಚ್ ಹಾರ್ಡ್‌ನೆಸ್ ಸಾರ್. ವಜ್ರ ಹತ್ತು, ಇದು ಒಂಬತ್ತು!" ಹೇಳುವ ಹುಡುಗನ ಕಣ್ಣಲ್ಲಿ ಕಪಟ ಕಾಣುವುದಿಲ್ಲ, ಅವನಿಗೆ ಹಾಗೇ ಹೇಳಿಕೊಟ್ಟಿರುತ್ತಾರೆ. ವಜ್ರಕ್ಕೆ 10 ಕೊಡುವುದು ಖನಿಜಗಳ ಗಡಸುತನ ಅಳೆಯುವ ಮೋಹ್ಸ್ ಮಾಪನ. 9ಎಚ್ ಎಂಬುದು ಪೆನ್ಸಿಲ್ಲಿನ ದರ್ಜೆ. ಚಿತ್ರ ಬಿಡಿಸುವವರ 6ಬಿ, ನಕ್ಷೆ ತೆಗೆಯುವವರ 4ಎಚ್ ಇವೆಯಲ್ಲ, ಆ ಸಾಲಿನ ಕೊನೆಯ ಗಟ್ಟಿ ಪೆನ್ಸಿಲ್ಲು ಅದು. ಪೆನ್ಸಿಲ್ಲನ್ನು 45 ಡಿಗ್ರಿ ಓರೆಯಲ್ಲಿ ಹಿಡಿದು, ಗೊತ್ತುಮಾಡಿದ ಭಾರ ಹಾಕಿ ಲೇಪದ ಮೇಲೆ ತಳ್ಳುತ್ತಾರೆ. ಗೀರು ಬೀಳದಿದ್ದರೆ ಲೇಪ 9ಎಚ್‌ನಲ್ಲಿ ಪಾಸು. ಬೀದಿಯ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣ ಮೋಹ್ಸ್ ಮಾಪನದಲ್ಲಿ 7. ಪೆನ್ಸಿಲ್ಲಿನ ಸೀಸ ಅದರ ಹತ್ತಿರಕ್ಕೂ ಸುಳಿಯುವುದಿಲ್ಲ. ಪೆನ್ಸಿಲ್ಲಿನಿಂದ ಕಾರಿಗೆ ಗೀಚುವ ಮಕ್ಕಳು ಕೇರಿಯಲ್ಲಿದ್ದರೆ 9ಎಚ್ ಕಾಪಾಡೀತು. ಧೂಳು ಮೆತ್ತಿದ ಬಟ್ಟೆಯಿಂದ ಉಜ್ಜುವವರಿದ್ದರೆ ಯಾವ ಎಚ್ಚೂ ಕಾಪಾಡದು.

ಇಷ್ಟು ಹೇಳಿದ ಮೇಲೆ ಸೆರಾಮಿಕ್ಕಿಗೆ ಸಲ್ಲಬೇಕಾದ್ದನ್ನೂ ಸಲ್ಲಿಸಬೇಕು. ಒಳ್ಳೆಯ ಕೈಯಲ್ಲಿ ಅದೊಂದು ಚೆಂದದ ಕೆಲಸ. 30 ಅಥವಾ 50 ಎಂಎಲ್‌ನ ಪುಟ್ಟ ಬಾಟಲಿ, ಒಳಗೆ ಸಿಲಿಕಾನ್ ಮೂಲದ ದ್ರಾವಣ. ಮೆತ್ತನೆಯ ಬಟ್ಟೆ ಸುತ್ತಿದ ಸ್ಪಂಜಿನ ತುಂಡಿನ ಮೇಲೆ ನಾಲ್ಕು ಹನಿ ಹಾಕಿ ಬಾನೆಟ್ಟಿನ ಒಂದೊಂದು ಅಂಗೈಯಗಲ ಜಾಗಕ್ಕೆ ಉದ್ದುದ್ದ, ಅಡ್ಡಡ್ಡ ಎಳೆಯುತ್ತಾರೆ. ಕ್ಷಣದಲ್ಲಿ ದ್ರಾವಕ ಆರುತ್ತ ಹೋಗಿ ಮೇಲೆ ಕಾಮನಬಿಲ್ಲಿನ ಛಾಯೆ ಏಳುತ್ತದೆ. ಅದೇ ಸೂಚನೆ. ಆ ಛಾಯೆ ಕಂಡ ಕೂಡಲೇ ಇನ್ನೊಂದು ಬಟ್ಟೆಯಿಂದ ಸಮವಾಗಿ ಒರೆಸಬೇಕು. ಒಂದು ಕಡೆ ಮರೆತರೆ ಅಲ್ಲಿ ಕಪ್ಪನೆ ಕಲೆಯಾಗಿ ಗಟ್ಟಿಯಾಗುತ್ತದೆ, ಪಾಲಿಷ್ ಮೆಶಿನ್ನಿನಿಂದ ಉಜ್ಜಿಯೇ ತೆಗೆಯಬೇಕು. ಉಳಿಯುವ ಲೇಪ ಒಂದೆರಡು ಮೈಕ್ರಾನು, ಅಷ್ಟೇ. ಆದರೆ ಅದು ಕ್ಲಿಯರ್ ಕೋಟಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುತ್ತದೆ. ಶಾಂಪೂ ನೀರಿಗೆ ಹೋಗುವುದಿಲ್ಲ, ಎರಡು ಮೂರು ವರ್ಷ ನೀರನ್ನು ಮಣಿಮಣಿಯಾಗಿ ಉರುಳಿಸುತ್ತದೆ, ಕೆಸರು ಸುಲಭವಾಗಿ ಬಿಟ್ಟುಕೊಡುತ್ತದೆ. ಹಾಕುವ ಮುನ್ನ ಮೈಮೇಲಿನ ಗೀರುಗಳನ್ನು ತೆಗೆದಿರಬೇಕು; ಇಲ್ಲದಿದ್ದರೆ ಗೀರುಗಳ ಮೇಲೇ ಬೀಗ ಬಿದ್ದಂತೆ. ಹದಿನೈದರಿಂದ ಐವತ್ತು ಸಾವಿರದವರೆಗೆ ಹೇಳುವ ಬೆಲೆಯಲ್ಲಿ ಹೆಚ್ಚಿನ ಪಾಲು ಹೋಗುವುದು ಆ ತಯಾರಿಯ ಕೂಲಿಗೆ, ಹೋಗಬೇಕಾದದ್ದೂ ಅಲ್ಲಿಗೇ. ತಯಾರಿಯ ಮಾತೇ ಎತ್ತದೆ ಮಧ್ಯಾಹ್ನ ಕೊಟ್ಟರೆ ಸಂಜೆಗೆ ರೆಡಿ ಎನ್ನುವವನ ಹತ್ತಿರ ಬಿಡಬೇಡಿ.

ಪಿಪಿಎಫ್ ಎಂಬ ಪಾಲಿಯುರೆಥೇನ್ ಹಾಳೆಯದು ಬೇರೆಯೇ ಲೋಕ. 150ರಿಂದ 200 ಮೈಕ್ರಾನ್ ದಪ್ಪ, ಕಾರಿನ ಇಡೀ ಪೇಂಟಿಗಿಂತ ಹೆಚ್ಚು. ಮುಂದೆ ಹೋಗುವ ಜಲ್ಲಿ ಲಾರಿಯಿಂದ ಸಿಡಿದ ಕಲ್ಲನ್ನು ತಡೆಯುವ ಶಕ್ತಿ ಮೂರರಲ್ಲಿ ಇದಕ್ಕೊಂದಕ್ಕೇ ಇರುವುದು. ಸಣ್ಣ ಗೀರು ಬಿದ್ದರೆ ಬಿಸಿನೀರು ಹಾಕಿದಾಗ ಹಾಳೆ ತಾನೇ ಕೂಡಿಕೊಳ್ಳುವುದನ್ನು ನೋಡುವುದೂ ಒಂದು ಮೋಜು. ಇಡೀ ಕಾರಿಗೆ ಹಾಕಿಸಿದರೆ ಲಕ್ಷದ ಆಚೀಚೆ. ಕಡಿಮೆ ಬೆಲೆಗೆ ಸಿಗುವ ಪಿವಿಸಿ ಹಾಳೆ ಒಂದೆರಡು ಬೇಸಿಗೆಗೆ ಹಳದಿಯಾಗುತ್ತದೆ. ಕಾಪಾಡುವುದರಲ್ಲಿ ಗಟ್ಟಿಯಾದದ್ದು ಪಿಪಿಎಫ್ಫೇ. ರಸಿಕರಿಗೆ ಇದರಲ್ಲಿ ಹೇಳಿಕೊಳ್ಳುವಂಥದ್ದು ಕಡಿಮೆ.

ಈಗ ಮೇಣಕ್ಕೆ ಬರೋಣ.

ಬ್ರೆಜಿಲಿನ ಈಶಾನ್ಯ ಮೂಲೆಯಲ್ಲಿ ಸಿಯಾರಾ, ಪಿಯಾವಿ ಎಂಬ ರಾಜ್ಯಗಳಿವೆ. ಮಳೆ ಕಡಿಮೆ, ಬಿಸಿಲು ಜೋರು. ಅಲ್ಲಿ ಬೆಳೆಯುವ ಒಂದು ತಾಳೆಯ ಜಾತಿ ಕಾರ್ನೌಬ. ಬೀಸಣಿಗೆಯಾಕಾರದ ಅದರ ಗರಿಗಳು ಒಳಗಿನ ನೀರು ಆವಿಯಾಗದಂತೆ ಮೈಮೇಲೆ ಮೇಣ ಸವರಿಕೊಳ್ಳುತ್ತವೆ. ಬರಗಾಲ ಹೆಚ್ಚಿದಷ್ಟೂ ತನ್ನ ಗರಿಗಳನ್ನು ಅದು ಜೋಪಾನ ಮಾಡಲೇಬೇಕು. ಒಣಗಾಲದಲ್ಲಿ ಉದ್ದನೆಯ ಗಳುವಿನ ತುದಿಗೆ ಕತ್ತಿ ಕಟ್ಟಿ ಗರಿ ಇಳಿಸುತ್ತಾರೆ, ಬಿಸಿಲಿಗೆ ಹರಡಿ ಒಣಗಿಸುತ್ತಾರೆ, ಆಮೇಲೆ ಬಡಿಯುತ್ತಾರೆ. ಉದುರುವ ಪುಡಿಯನ್ನು ಕರಗಿಸಿ, ಸೋಸಿ, ಆರಿಸಿದರೆ ಹಳದಿ ಬಣ್ಣದ ಗಡುಸು ಚಕ್ಕೆಗಳು. ಗಿಡ ಮರಗಳು ಕೊಡುವ ಮೇಣಗಳಲ್ಲಿ ಇಷ್ಟು ಗಟ್ಟಿಯಾದದ್ದು ಅಪರೂಪ. ಮಿಠಾಯಿಯ ಮೇಲೆ, ಮಾತ್ರೆಯ ಮೇಲೆ, ಶೂ ಪಾಲಿಷಿನ ಡಬ್ಬಿಯಲ್ಲಿ, ಎಲ್ಲೆಲ್ಲೋ ಇದೇ ಇರುತ್ತದೆ. ಅಮೆರಿಕದ ರೇಸೀನ್ ಎಂಬ ಊರಿನಲ್ಲಿ ನೆಲಕ್ಕೆ ಹಾಕುವ ಮೇಣ ತಯಾರಿಸುತ್ತಿದ್ದ ಜಾನ್ಸನ್ ಕಂಪನಿಯ ಯಜಮಾನ ಎಚ್. ಎಫ್. ಜಾನ್ಸನ್ 1935ರಲ್ಲಿ ನೀರಿನ ಮೇಲೂ ಇಳಿಯಬಲ್ಲ ವಿಮಾನ ಹತ್ತಿ ಈ ಮರವನ್ನು ಹುಡುಕಿಕೊಂಡು ಬ್ರೆಜಿಲಿಗೆ ಹೋಗಿದ್ದ. ಮೇಣದ ಹುಚ್ಚು ನನ್ನೊಬ್ಬನದಲ್ಲ ಎಂಬುದಕ್ಕೆ ಈ ಸಾಕ್ಷಿ ಸಾಕು.

ಎಲೆಯ ಮೇಲಿನ ಮೇಣ ನಮಗೇನೂ ಹೊಸತಲ್ಲ. ಮಳೆಗಾಲದಲ್ಲಿ ಮಲೆನಾಡಿನ ಹಿತ್ತಲಿಗೆ ಹೋಗಿ ಕೆಸುವಿನ ಎಲೆಯ ಮೇಲೊಂದು ಹನಿ ಬಿಟ್ಟು ನೋಡಿ. ಹನಿ ಚಪ್ಪಟೆಯಾಗುವುದೇ ಇಲ್ಲ. ಗುಂಡಗೆ ನಿಂತು, ಎಲೆ ಚೂರು ವಾಲಿದರೆ ಉರುಳಿ ಹೋಗುತ್ತದೆ, ಹೋಗುವಾಗ ಧೂಳನ್ನೂ ಎತ್ತಿಕೊಂಡು ಹೋಗುತ್ತದೆ. ಪತ್ರೊಡೆ ಮಾಡುವವರಿಗೆ ಈ ಎಲೆ ತೊಳೆಯುವ ಪಾಡು ಗೊತ್ತು. ನೀರು ನಿಂತರೆ ತಾನೇ ತೊಳೆಯುವುದು! ತಾವರೆಯ ಎಲೆಯದ್ದೂ ಇದೇ ಗುಣ. ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಉಬ್ಬುಗಳು, ಉಬ್ಬುಗಳ ಮೇಲೆ ಮೇಣದ ಹರಳುಗಳು. 1997ರಲ್ಲಿ ಜರ್ಮನಿಯ ಬಾರ್ತ್‌ಲಾಟ್ ಮತ್ತು ನೈನ್‌ಹುಯಿಸ್ ಎಂಬ ಸಸ್ಯವಿಜ್ಞಾನಿಗಳು ಇದನ್ನು ವಿವರಿಸಿ ಬರೆದ ಲೇಖನದಿಂದಲೇ ಈಗ ಎಲ್ಲ ಕೋಟಿಂಗ್ ಜಾಹೀರಾತಿನಲ್ಲೂ ತಾವರೆ ಅರಳಿರುವುದು. ಹನಿಯ ಅಂಚು ಮೇಲ್ಮೈಯೊಂದಿಗೆ ಮಾಡುವ ಕೋನ 90 ಡಿಗ್ರಿ ದಾಟಿದರೆ ಆ ಮೈ ನೀರೊಲ್ಲದ ಮೈ. ತಾವರೆ ಎಲೆಯಲ್ಲಿ ಅದು 150 ದಾಟುತ್ತದೆ. ಮೇಣವಾಗಲಿ ಸೆರಾಮಿಕ್ಕಾಗಲಿ ಕಾರಿನ ನುಣುಪು ಮೈಮೇಲೆ ನೂರರ ಆಸುಪಾಸಿಗೆ ಸುಸ್ತು. ಕೆಸುವಿನ ಎಲೆಯ ಮುಂದೆ ಪ್ಲಾಟಿನಂ ಪ್ಯಾಕೇಜೂ ತಲೆ ತಗ್ಗಿಸಬೇಕು.

ಮೈಗೆ ಲೇಪ ಹಾಕಿ ಹೊಳಪು ತರಿಸುವ ವಿದ್ಯೆಯ ಎರಡು ತುದಿಗಳನ್ನು ಬೆಂಗಳೂರು ಮೈಸೂರು ರಸ್ತೆಯಲ್ಲಿ ಒಂದೇ ಬೆಳಿಗ್ಗೆ ನೋಡಬಹುದು. ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ಕಾರುಗಳು ಬಣ್ಣದ ಮನೆಯನ್ನು ಹಾದು ಹೊರಬರುತ್ತವೆ. ಅಲ್ಲಿಂದ ರಾಮನಗರ ದಾಟಿದರೆ ಚನ್ನಪಟ್ಟಣ. ಅಲ್ಲಿನ ಕುಶಲಕರ್ಮಿ ಆಲೆಮರದ ತುಂಡನ್ನು ಲೇತಿಗೆ ಕೊಟ್ಟು ತಿರುಗಿಸುತ್ತ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾನೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಗ ಬಣ್ಣ ಇರುತ್ತದೆ, ಹೊಳಪಿರುವುದಿಲ್ಲ. ಆಮೇಲೆ ತಾಳೆಗರಿಯ ತುಂಡನ್ನು ಮಡಚಿ ತಿರುಗುವ ಗೊಂಬೆಗೆ ಒತ್ತುತ್ತಾನೆ. ಗರಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದ ಹಾಗೆ ಮಂಕು ಬಣ್ಣ ಕಣ್ಣೆದುರೇ ಕನ್ನಡಿಯಾಗುತ್ತದೆ. ಪದರ ಸಮವಾಗಬೇಕು, ಮೇಲ್ಮೈಯ ತಗ್ಗುದಿಣ್ಣೆ ಅಳಿಯಬೇಕು, ಆಗ ಬೆಳಕು ಚದುರದೆ ಒಂದೇ ದಿಕ್ಕಿಗೆ ಹಿಂದಿರುಗುತ್ತದೆ. ಹೊಳಪಿನ ಗುಟ್ಟು ಇಷ್ಟೇ. ಅದು ಕಾರಿಗೂ ಒಂದೇ, ಗೊಂಬೆಗೂ ಒಂದೇ.

ಪೇಸ್ಟ್ ವ್ಯಾಕ್ಸಿನ ಡಬ್ಬಿ ಕೊಳ್ಳುವಾಗ ಒಂದು ಎಚ್ಚರ ಬೇಕು. ಶುದ್ಧ ಕಾರ್ನೌಬ ಎಂದು ಮುಚ್ಚಳದ ಮೇಲೆ ಎಷ್ಟೇ ದಪ್ಪಕ್ಷರದಲ್ಲಿ ಬರೆದಿದ್ದರೂ ಒಳಗಿರುವುದು ಮಿಶ್ರಣ. ಬರಿಯ ಕಾರ್ನೌಬ ಕಲ್ಲಿನಂತೆ ಗಟ್ಟಿ, ಅದನ್ನು ಹಚ್ಚುವುದು ಆಗದ ಮಾತು. ಎಣ್ಣೆ, ದ್ರಾವಕ, ಒಮ್ಮೊಮ್ಮೆ ಜೇನುಮೇಣ ಸೇರಿಯೇ ಅದು ಬೆಣ್ಣೆಯ ಹದಕ್ಕೆ ಬರುವುದು. ಜೇನುಮೇಣ 62ರಿಂದ 64 ಡಿಗ್ರಿಗೆ ಕರಗುತ್ತದೆ, ಕಾರ್ನೌಬ 82ರಿಂದ 86ಕ್ಕೆ. ಮೇ ತಿಂಗಳ ಕಲಬುರಗಿಯಲ್ಲಿ ಬಯಲಲ್ಲಿ ನಿಂತ ಕಪ್ಪು ಕಾರಿನ ಬಾನೆಟ್ಟು 70 ಡಿಗ್ರಿ ದಾಟುವುದುಂಟು. ಅಲ್ಲಿ ಜೇನುಮೇಣ ಸೋಲುತ್ತದೆ, ಕಾರ್ನೌಬ ತಡೆದುಕೊಳ್ಳುತ್ತದೆ. ಬಿಸಿಲುನಾಡಿನ ಮರದ ಮೇಣ ನಮ್ಮ ಬಿಸಿಲುನಾಡಿಗೆ ಒಗ್ಗಿದ್ದು ಸುಮ್ಮನೆ ಅಲ್ಲ.

ಹೊಸ ಪೇಂಟು ಉಸಿರಾಡಬೇಕು, ಮೂರು ತಿಂಗಳು ಏನೂ ಹಚ್ಚಬೇಡಿ ಎಂದು ಹೇಳುವ ಹಿರಿಯರಿದ್ದಾರೆ. ಆ ಮಾತು ಗ್ಯಾರೇಜಿನಲ್ಲಿ ಟಿಂಕರಿಂಗ್ ಮಾಡಿಸಿ ಹೊಸದಾಗಿ ಪೇಂಟ್ ಹೊಡೆಸಿದ ಬಾಗಿಲಿಗೆ ಸರಿ. ಅಲ್ಲಿ ಕಾವು ಕಡಿಮೆ, ದ್ರಾವಕ ಹೊರಬರಲು ವಾರಗಳೇ ಬೇಕು. ಕಾರ್ಖಾನೆಯ ಪೇಂಟು ಒಲೆಯಿಂದಲೇ ಪೂರ್ತಿ ಗಟ್ಟಿಯಾಗಿ ಬಂದಿರುತ್ತದೆ, ಮೊದಲ ದಿನವೇ ಮೇಣ ಹಚ್ಚಬಹುದು. ಹೊಸ ಕಾರು ಎಂದರೆ ಚೊಕ್ಕ ಕಾರು ಎಂಬ ನಂಬಿಕೆ ಮಾತ್ರ ಸುಳ್ಳು. ರೈಲು ವ್ಯಾಗನ್ನಿನಲ್ಲೋ ಟ್ರೈಲರಿನಲ್ಲೋ ಪ್ರಯಾಣ ಮಾಡಿ, ಯಾರ್ಡಿನಲ್ಲಿ ತಿಂಗಳುಗಟ್ಟಲೆ ನಿಂತು ಬಂದಿರುತ್ತದೆ ಅದು. ಬಿಳಿ ಕಾರಿನ ಮೇಲೆ ಕಬ್ಬಿಣದ ಕಣ ಕರಗಿಸುವ ದ್ರಾವಣ ಸಿಂಪಡಿಸಿ ಎರಡು ನಿಮಿಷ ಕಾಯಿರಿ. ಏನೂ ಇಲ್ಲ ಎಂದುಕೊಂಡ ಮೈಯಿಂದ ನೇರಳೆ ಬಣ್ಣದ ಗೆರೆಗಳು ಇಳಿಯತೊಡಗುತ್ತವೆ. ಹಳಿಯಿಂದ, ಬ್ರೇಕಿನಿಂದ ಹಾರಿ ಬಂದು ಕೂತಿದ್ದ ಕಬ್ಬಿಣದ ಪುಡಿ ಅದು. ತೊಳೆದ ಮೇಲೆ ಬೆರಳಿಗೊಂದು ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾನೆಟ್ಟು ಸವರಿ ನೋಡಿ. ಬರಿಗೈಗೆ ತಿಳಿಯದ ತರಿ ಆಗ ತಿಳಿಯುತ್ತದೆ. ಅದಕ್ಕೆ ಕ್ಲೇ ಬಾರ್ ಇದೆ. ಶಾಂಪೂ ನೀರು ಚಿಮುಕಿಸಿ, ಒತ್ತದೆ, ಜಾರಿಸಬೇಕು. ಮೊದಮೊದಲು ಸರಸರ ಸದ್ದು. ಆ ಸದ್ದು ನಿಂತಾಗ ಮೈ ಸಿದ್ಧ.

ಮೇಣ ಹಚ್ಚಲು ಬಿಸಿಲೇರುವ ಮುಂಚಿನ ಬೆಳಿಗ್ಗೆ ಒಳ್ಳೆಯದು, ನೆರಳಲ್ಲಿ, ಬಾನೆಟ್ಟು ತಣ್ಣಗಿರುವಾಗ. ಡಬ್ಬಿ ತೆರೆದರೆ ಮೊದಲು ಮೂಗಿಗೆ ಬರುವುದು ದ್ರಾವಕದ ಗಮಲು, ಹಿಂದೆಯೇ ಕಂಪನಿಯವರು ಬೆರೆಸಿದ ತೆಂಗಿನದೋ ಬಾಳೆಹಣ್ಣಿನದೋ ಪರಿಮಳ. ಪರಿಮಳದಿಂದ ಕಾರಿಗೆ ಲಾಭವೇನೂ ಇಲ್ಲ, ಹಚ್ಚುವವನಿಗೆ ಇದೆ. ಸ್ಪಂಜಿನ ಬಿಲ್ಲೆಯನ್ನು ಮೇಣದ ಮೇಲೆ ಒಂದೇ ಸುತ್ತು ತಿರುಗಿಸಬೇಕು. ಅಷ್ಟರಲ್ಲಿ ಅರ್ಧ ಬಾನೆಟ್ಟು ಮುಗಿಯಬೇಕು. ಎಲ್ಲರೂ ಮಾಡುವ ಎಡವಟ್ಟು ದಪ್ಪಗೆ ಮೆತ್ತುವುದು. ದೋಸೆ ಹೆಂಚಿಗೆ ಅರ್ಧ ಈರುಳ್ಳಿಯಿಂದ ಎಣ್ಣೆ ಸವರುತ್ತಾರಲ್ಲ, ಹಾಕಿದೆಯೋ ಇಲ್ಲವೋ ಎಂಬ ಹಾಗೆ, ಅಷ್ಟು ಸಾಕು. ಮೈಗೆ ಹಿಡಿಯುವುದು ಆ ತೆಳು ಪದರ ಮಾತ್ರ, ಮಿಕ್ಕದ್ದೆಲ್ಲ ಒರೆಸುವ ಬಟ್ಟೆಯ ಪಾಲು.

ಹಚ್ಚಿದ ಮೇಲೆ ಮೇಣ ನಿಧಾನವಾಗಿ ಮಂಜುಗಟ್ಟುತ್ತದೆ. ಹೊಳೆಯುತ್ತಿದ್ದ ಕಾರು ಮಾಸಿ ಹೋಗಿ, ಇದೇನು ಕೆಡಿಸಿಬಿಟ್ಟೆನಲ್ಲ ಎನಿಸುವ ಗಳಿಗೆ ಇದು. ಕಾಯಬೇಕು. ಮೂಲೆಯಲ್ಲಿ ಬೆರಳ ತುದಿಯಿಂದ ಒಮ್ಮೆ ಎಳೆದು ನೋಡಿ. ಮೇಣ ಕಲಸಿಕೊಂಡರೆ ಇನ್ನೂ ಹಸಿ. ಪುಡಿಯಾಗಿ ಎದ್ದು, ಬೆರಳು ಹಾದ ಜಾಗದಲ್ಲಿ ಮಾತ್ರ ಬಣ್ಣ ತಟ್ಟನೆ ಮೇಲೆ ಬಂದರೆ ಹದ. ಆಗ ಮೈಕ್ರೋಫೈಬರ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಭಾರ ಬಿಡದೆ, ಒಂದು ಸಲ ಒರೆಸಿ, ಮಡಿಕೆ ತಿರುವಿ ಇನ್ನೊಂದು ಸಲ ಒರೆಸುವುದು. ಬಟ್ಟೆ ಸರಿದ ದಾರಿಯುದ್ದಕ್ಕೂ ಮಂಜು ಸರಿದು ಆಕಾಶ, ಕರೆಂಟು ಕಂಬ, ಎದುರು ಮನೆಯ ಬಾಲ್ಕನಿಯಲ್ಲಿ ಒಣಗಲು ಹಾಕಿದ ಪಂಚೆ, ಒಂದೊಂದಾಗಿ ಬಾನೆಟ್ಟಿನೊಳಗೆ ಬಂದು ನಿಲ್ಲುತ್ತವೆ. ಇಷ್ಟಕ್ಕೆ ಎರಡು ಮೂರು ಗಂಟೆ ಬೇಕು. ಅಷ್ಟು ಹೊತ್ತಿನಲ್ಲಿ ಕಾರಿನ ಪ್ರತಿ ಅಂಗುಲದ ಮೇಲೆ ಕೈ ಹೋಗಿರುತ್ತದೆ. ಬಾಗಿಲಿನ ಕೆಳಗೆ ಬಿದ್ದ ಕಲ್ಲೇಟು, ಹ್ಯಾಂಡಲ್ಲಿನ ಹಿಂದಿನ ಉಗುರಿನ ಗೀರು, ಯಾರೋ ಪಾರ್ಕಿಂಗಿನಲ್ಲಿ ಸವರಿ ಹೋದ ಬಿಳಿ ಪೇಂಟು, ಎಲ್ಲ ತಿಳಿಯುತ್ತದೆ. ಮೇಣದ ಪರವಾಗಿ ನನ್ನ ದೊಡ್ಡ ವಾದ ಇದು. ಬೇಗ ಹೋಗುವುದರಿಂದಲೇ ಅದು ಮತ್ತೆ ಮತ್ತೆ ಕರೆಯುತ್ತದೆ. ಐದು ವರ್ಷದ ಸರ್ಟಿಫಿಕೇಟು ಇದ್ದವರು ಐದು ವರ್ಷ ಕಾರನ್ನು ಇಷ್ಟು ಹತ್ತಿರದಿಂದ ನೋಡುವುದೇ ಇಲ್ಲ.

ಬಣ್ಣ ಬಣ್ಣಕ್ಕೂ ಮೇಣದ ಫಲ ಬೇರೆ. ಕಪ್ಪು, ಕಡುನೀಲಿ, ಮರೂನು, ಕೆಂಪುಗಳಿಗೆ ಇದು ಆಳ ಕೊಡುತ್ತದೆ. ಬಣ್ಣ ಮೇಲ್ಮೈಯಲ್ಲಿಲ್ಲ, ಒಳಗೆಲ್ಲೋ ಇದೆ ಎನಿಸುತ್ತದೆ. ಸೂಕ್ಷ್ಮ ಗೀರುಗಳನ್ನು ಮೇಣ ತುಂಬುವುದರಿಂದ ಬೆಳಕು ಚದುರುವುದು ಕಡಿಮೆಯಾಗಿ ಹೀಗಾಗುತ್ತದೆ. ಮೆಟಾಲಿಕ್ ಬಣ್ಣದಲ್ಲಿ ಅಲ್ಯೂಮಿನಿಯಂ ಚೂರುಗಳಿರುತ್ತವೆ, ಪರ್ಲ್ ಬಣ್ಣದಲ್ಲಿ ಅಭ್ರಕದ ಚೂರು. ಬೆಳ್ಳಿ, ಬಿಳಿ, ತಿಳಿಬೂದಿಯ ಕಾರುಗಳಲ್ಲಿ ಆ ಮಿನುಗು ಚುರುಕಾಗಿ ಕಾಣಬೇಕಾದರೆ ಸೆರಾಮಿಕ್ಕಿನ ಗಾಜಿನ ಹೊಳಪೇ ಮೇಲು, ಮೇಣ ಅಲ್ಲಿ ತುಸು ಮಂದ. ನಮ್ಮ ರಸ್ತೆಗಳಲ್ಲಿ ಬಿಳಿ ಕಾರೇ ಹೆಚ್ಚು. ಹಾಗಾಗಿ ನನ್ನ ಪಕ್ಷಕ್ಕೆ ಮತ ಕಡಿಮೆ.

ಅಂಬಾಸಡರ್, ಪ್ರೀಮಿಯರ್ ಪದ್ಮಿನಿಯ ಕಾಲದಲ್ಲಿ ಈ ಚರ್ಚೆಯೇ ಇರಲಿಲ್ಲ. ಕ್ಲಿಯರ್ ಕೋಟ್ ಎಂಬುದು ಇರದಿದ್ದ ಕಾಲ, ಬಣ್ಣವೇ ಹೊರಮೈ. ಹಳೇ ಬನಿಯನ್ ಹರಿದು ಪಾಲಿಷ್ ಅದ್ದಿ ಉಜ್ಜಿದರೆ ಬಟ್ಟೆಗೆ ಕಾರಿನದೇ ಬಣ್ಣ ಹತ್ತುತ್ತಿತ್ತು. ಬಿಸಿಲಿಗೆ ಸತ್ತ ಪದರ ಹಾಗೆ ಕಳಚಿ ಬಂದು ಕೆಳಗಿನ ಹೊಸ ಬಣ್ಣ ಮೇಲೇಳುತ್ತಿತ್ತು. ಚಾಲಕರು ಪ್ರತಿ ಹಬ್ಬಕ್ಕೂ ಉಜ್ಜಿ ಉಜ್ಜಿ, ಮೂಲೆಗಳಲ್ಲಿ ಪ್ರೈಮರ್ ಇಣುಕಿದ ಕಾರುಗಳು ಎಷ್ಟೋ ಇದ್ದವು. ಈಗ ಬಟ್ಟೆಗೆ ಬಣ್ಣ ಹತ್ತಿದರೆ ಕ್ಲಿಯರ್ ಕೋಟ್ ಮುಗಿದಿದೆ ಎಂದೇ ಅರ್ಥ, ಕೈ ನಿಲ್ಲಿಸಿ.

ಇನ್ನು ವೈರಿಗಳು. ಬೆಂಗಳೂರಿನ ಬೀದಿಯಲ್ಲಿ ಮರದ ನೆರಳು ಸಿಕ್ಕರೆ ಹಬ್ಬ ಎಂದುಕೊಂಡು ಕಾರು ನಿಲ್ಲಿಸುತ್ತೇವೆ. ಮಳೆಮರದಿಂದ, ಮಾವಿನಿಂದ ಕೀಟಗಳ ಅಂಟು ಸುರಿಯುತ್ತದೆ, ಹೊಂಗೆ ಹೂ ರಾಶಿ ಬೀಳುತ್ತದೆ, ಮೇಲೆ ಕಾಗೆ ಪಾರಿವಾಳಗಳ ವಾಸ. ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದೆ. ಬಿಸಿಲಿಗೆ ಕ್ಲಿಯರ್ ಕೋಟ್ ಮೆದುವಾಗಿ ಹಿಗ್ಗಿದಾಗ ಹಿಕ್ಕೆ ಅದರ ಮೇಲೆ ಒಣಗಿ ಗಟ್ಟಿಯಾದರೆ, ಸಂಜೆ ಮೈ ತಣಿಯುವಾಗ ಅದರ ಅಚ್ಚು ಉಳಿದುಬಿಡುತ್ತದೆ. ಯಾವ ಲೇಪವಿದ್ದರೂ ಹಿಕ್ಕೆಯನ್ನು ಅಂದಂದೇ, ನೀರು ಹಾಕಿ ನೆನೆಸಿ ತೆಗೆಯಬೇಕು. ಬೋರ್‌ವೆಲ್ ನೀರಿನ ಕಾಟ ಇನ್ನೊಂದು. ನೀರು ಮಣಿಮಣಿಯಾಗಿ ನಿಲ್ಲುವುದು ನೋಡಲು ಚೆಂದ, ಜಾಹೀರಾತಿನಲ್ಲಿ ತೋರಿಸುವುದೂ ಅದನ್ನೇ. ಆದರೆ ಸುಣ್ಣದಂಶ ತುಂಬಿದ ಗಡಸು ನೀರಿನ ಮಣಿಗಳು ಬಿಸಿಲಿಗೆ ಅಲ್ಲೇ ಆರಿದರೆ ಪ್ರತಿ ಮಣಿಯ ಜಾಗದಲ್ಲೊಂದು ಬಿಳಿ ಉಂಗುರ. ಸೆರಾಮಿಕ್ ಹಾಕಿಸಿದವರು ಹೆಚ್ಚಾಗಿ ದೂರುವುದು ಇದನ್ನೇ. ಕಾವೇರಿ ನೀರು ಸಿಗುವ ಬಡಾವಣೆಯವರು ಪುಣ್ಯವಂತರು. ಮಿಕ್ಕವರು ತೊಳೆದ ತಕ್ಷಣ ಒರೆಸಿಬಿಡಬೇಕು.

ಎಲ್ಲಕ್ಕಿಂತ ದೊಡ್ಡ ವೈರಿ ಪ್ರೀತಿಯಿಂದಲೇ ಬರುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಐದೂವರೆಗೆ ಬಂದು ಒಂದೇ ಬಕೆಟ್ಟು, ಒಂದೇ ಬಟ್ಟೆಯಲ್ಲಿ ಸಾಲು ಸಾಲು ಕಾರು ಒರೆಸುವವರು. ಅವರನ್ನು ಬೈದು ಫಲವಿಲ್ಲ. ನಾವು ಕೊಡುವ ತಿಂಗಳ ದುಡ್ಡಿಗೆ ಅಷ್ಟೇ ಆಗುವುದು. ಮೊದಲ ಕಾರಿನ ಮರಳು ಹತ್ತನೆಯ ಕಾರಿನ ಬಾನೆಟ್ಟಿನ ಮೇಲೆ ಗೀರೆಳೆಯುತ್ತದೆ. ಸಂಜೆ ದೀಪದಡಿ ಕಪ್ಪು ಕಾರು ನೋಡಿದರೆ ದೀಪದ ಸುತ್ತ ಜೇಡರಬಲೆಯಂಥ ವೃತ್ತಗಳು ಕಾಣುತ್ತವೆ. ಗೀರುಗಳು ವೃತ್ತಾಕಾರದಲ್ಲಿರುವುದಿಲ್ಲ, ಎಲ್ಲ ದಿಕ್ಕಿಗೂ ಹರಿದಿರುತ್ತವೆ. ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಕಣ್ಣಿಗೆ ಬೀಳುವುದರಿಂದ ವೃತ್ತದ ಭ್ರಮೆ. ನೀವು ಜಾಗ ಬದಲಿಸಿದರೆ ಬಲೆಯೂ ನಿಮ್ಮ ಜೊತೆ ಬರುತ್ತದೆ. ದಿನಾ ಒರೆಸುವುದು ಬೇಡ, ವಾರಕ್ಕೊಮ್ಮೆ ತೊಳೆದರೆ ಸಾಕು ಎಂದು ಅವರಿಗೆ ಹೇಳಿ, ದುಡ್ಡು ಅಷ್ಟೇ ಕೊಡಿ. ಎರಡು ಬಕೆಟ್ಟು, ನಿಮ್ಮದೇ ಮೈಕ್ರೋಫೈಬರ್ ಬಟ್ಟೆ ಕೊಟ್ಟಿಡಿ. ಸೆರಾಮಿಕ್ಕಿಗೆ ಕೊಡುವ ದುಡ್ಡಿನ ಚಿಕ್ಕದೊಂದು ಪಾಲಿಗೆ ಅದಕ್ಕಿಂತ ಹೆಚ್ಚಿನ ರಕ್ಷಣೆ ಇದು.

ಆಯುಧಪೂಜೆಯ ವಿಷಯ ಬಿಟ್ಟರೆ ಕನ್ನಡದ ಕಾರಿನ ಕಥೆ ಪೂರ್ತಿಯಾಗುವುದಿಲ್ಲ. ಆ ದಿನ ಬಾನೆಟ್ಟಿಗೆ ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ, ಚೆಂಡುಹೂವಿನ ಹಾರ, ಬಂಪರಿನ ಎರಡೂ ಕಡೆ ಬಾಳೆಕಂದು, ಗಾಲಿಯಡಿ ನಿಂಬೆಹಣ್ಣು, ಎದುರಿಗೆ ಒಡೆದ ಬೂದುಗುಂಬಳ. ಇದ್ಯಾವುದೂ ಬೇಡ ಎನ್ನುವ ರಸಿಕತೆ ನನಗಿಲ್ಲ. ಹೂ ಏರಿಸಿದ ಕಾರಿನ ಕಳೆ ಯಾವ ಕೋಟಿಂಗಿನಿಂದಲೂ ಬರುವುದಿಲ್ಲ. ಹಿಂದಿನ ದಿನ ಮೇಣ ಹಚ್ಚಿಟ್ಟರೆ ಕುಂಕುಮದ ಬಣ್ಣ ಕ್ಲಿಯರ್ ಕೋಟಿಗೆ ಇಳಿಯದೆ ಮೇಣದ ಮೇಲೇ ನಿಲ್ಲುತ್ತದೆ. ಅರಿಸಿನದ ಕಲೆ ಬಿಸಿಲಿಗೆ ತಾನೇ ಮಾಸುತ್ತದೆ. ಬಾಳೆಕಂದಿನ ಸೊನೆ ಬಟ್ಟೆಗೆ ಬಿದ್ದರೇ ಹೋಗದ ಕರೆ, ಅದನ್ನು ಕಟ್ಟುವಾಗ ಕತ್ತರಿಸಿದ ತುದಿ ಪೇಂಟಿಗೆ ತಾಗದ ಹಾಗೆ ನೋಡಿಕೊಳ್ಳಿ. ವಿಭೂತಿಯನ್ನು ಒಣಬಟ್ಟೆಯಿಂದ ಒರೆಸಬೇಡಿ, ಅದು ಬೂದಿ, ಉಜ್ಜಿದರೆ ಗೀರುತ್ತದೆ. ನೀರು ಬಿಟ್ಟು ಹರಿಸಿ ತೆಗೆಯಿರಿ.

ಹಾಗಾದರೆ ಯಾವುದು ಕೊಳ್ಳಬೇಕು? ಕಾರು ಹಗಲಿರುಳು ರಸ್ತೆಯಲ್ಲೇ ನಿಲ್ಲುತ್ತದೆ, ನಿಮಗೆ ಬಿಡುವಿಲ್ಲ, ಬಣ್ಣ ಬಿಳಿ ಅಥವಾ ಬೆಳ್ಳಿ ಎಂದಾದರೆ ತಯಾರಿ ಚೆನ್ನಾಗಿ ಮಾಡುವ ಡೀಟೇಲಿಂಗ್ ಅಂಗಡಿ ಹುಡುಕಿ ಸೆರಾಮಿಕ್ ಹಾಕಿಸಿ, ಶೋರೂಮಿನ ಪ್ಯಾಕೇಜು ಬೇಡ. ಹೆದ್ದಾರಿಯಲ್ಲಿ ಓಡಾಟ ಹೆಚ್ಚಿದ್ದರೆ ಮುಂಬಂಪರು, ಬಾನೆಟ್ಟಿನ ಮುಂಚಾಚು, ಕನ್ನಡಿಯ ಬೆನ್ನಿಗೆ ಮಾತ್ರ ಪಿಪಿಎಫ್ ಸಾಕು. ಬಣ್ಣ ಗಾಢವಾಗಿದ್ದು, ಮೇಲೊಂದು ಸೂರಿದ್ದು, ಎರಡು ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ನಿಮ್ಮದಾಗಿದ್ದರೆ ಒಂದು ಡಬ್ಬಿ ಕಾರ್ನೌಬ ತನ್ನಿ, ವರ್ಷಗಟ್ಟಲೆ ಮುಗಿಯುವುದಿಲ್ಲ. ಮೂರರಲ್ಲಿ ಯಾವುದನ್ನೇ ಆರಿಸಿಕೊಂಡರೂ ಡೆಲಿವರಿಯ ಹಿಂದಿನ ದಿನವೇ ಶೋರೂಮಿಗೆ ಫೋನು ಮಾಡಿ ಒಂದು ಮಾತು ಹೇಳಿ: ಕಾರನ್ನು ತೊಳೆಯಬೇಡಿ, ಪಾಲಿಷ್ ಮಾಡಬೇಡಿ, ಧೂಳಿದ್ದರೆ ಇರಲಿ, ಹಾಗೇ ಕೊಡಿ.